ಅಂಟು ಅರಳಬೇಕು, ಬೆಲ್ಲ ಎಳೆ ಬರಬಾರದು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಹದಿನೈದು ದಿನದೊಳಗೆ ನನ್ನ ಬಾಗಿಲ ಬೆಲ್ ಆಗುತ್ತದೆ. ಬಂದವರ ಕೈಯಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಕಲ್ಲಿನಂಥ ಅಂಟಿನ ಉಂಡೆ, ಅಂದರೆ ಮರದ ಅಂಟು ಕರಿದು ಬಾಣಂತಿಗೆ ಕಟ್ಟುವ ಉಂಡೆ. "ಅಕ್ಕಾ, ಇದನ್ನ ಏನಾದ್ರೂ ಸರಿ ಮಾಡೋಕಾಗತ್ತಾ?" ಆಗುವುದಿಲ್ಲ. ಕುಟ್ಟಿ ಪುಡಿ ಮಾಡಿ ಬಿಸಿ ಹಾಲಿಗೆ ಹಾಕಿಕೊಳ್ಳಬಹುದು, ಅಷ್ಟೇ. ಕೆಡುವುದು ಯಾವಾಗಲೂ ಎರಡೇ ಜಾಗದಲ್ಲಿ. ಒಂದು ಅಂಟು ಕರಿಯುವಾಗ, ಇನ್ನೊಂದು ಬೆಲ್ಲ ಕರಗಿಸುವಾಗ. ಉಳಿದದ್ದನ್ನು ಅಡುಗೆ ಬಾರದವರೂ ಮಾಡಬಹುದು.

ನಮ್ಮ ಧಾರವಾಡದ ಕಡೆ ಇದು ಅಂಟಿನ ಉಂಡಿ. ಇಲ್ಲಿಯ ಮರಾಠಿ ನೆರೆಯವರಿಗೆ ಡಿಂಕಾಚೆ ಲಾಡು. ವಸ್ತು ಒಂದೇ.

ಮೊದಲು ಸಾಮಾನು. ಸುಮಾರು 35 ಉಂಡೆಗೆ ಅಂಟು 100 ಗ್ರಾಂ, ಒಣಕೊಬ್ಬರಿ 250, ಬೀಜ ತೆಗೆದ ಉತ್ತತ್ತಿ 250, ಬಾದಾಮಿ ಮತ್ತು ಗೋಡಂಬಿ ತಲಾ 100, ಗಸಗಸೆ 50, ಬೆಲ್ಲ 400, ತುಪ್ಪ 200 ಗ್ರಾಂ. ಜೊತೆಗೆ ಎರಡು ಚಮಚ ಒಣಶುಂಠಿ ಪುಡಿ, ಏಲಕ್ಕಿ, ಅರ್ಧ ಜಾಯಿಕಾಯಿ. ಮೆಂತ್ಯ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಕಹಿ ಅಂತ ಬಾಣಂತಿ ಮುಟ್ಟದಿದ್ದರೆ ಉಂಡೆ ಮಾಡಿ ಏನು ಬಂತು?

ಒಣಹಣ್ಣು ಜಾಸ್ತಿ ಬೇಕಿದ್ದರೆ ಸ್ಲೋ ಲೋಕಲ್ ರೈಲು ಹಿಡಿದು ಮಸ್ಜಿದ್ ಸ್ಟೇಷನ್‌ನಲ್ಲಿ ಇಳಿಯಿರಿ, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಸಾಕಿದ್ದರೆ ದಾದರ್ ಅಥವಾ ಮಾಟುಂಗದ ಅಂಗಡಿಗಳಲ್ಲೇ ಎಲ್ಲ ಸಿಗುತ್ತದೆ. ಆದರೆ ಅಂಗಡಿಯಲ್ಲಿ ಎರಡು ಮಾತು ನೆನಪಿಡಿ.

ಒಂದು, ಅಂಟಿಗೆ ಹಿಂದಿಯಲ್ಲಿ ಗೋಂದ್ ಅಂತಾರೆ; ಗೋಂದ್ ಮತ್ತು ಗೋಂದ್ ಕತೀರಾ ಬೇರೆ ಬೇರೆ. ನನ್ನ ಮೊದಲ ಬಾಣಂತನದಲ್ಲಿ ಒಬ್ಬ ಅಂಗಡಿಯವನು ಸುಮ್ನೆ ಕತೀರಾ ಕಟ್ಟಿಕೊಟ್ಟಿದ್ದ. ಅಮ್ಮ ತುಪ್ಪದಲ್ಲಿ ಹಾಕಿ ಕಾಯುತ್ತಲೇ ಇದ್ದಳು, ಒಂದೂ ಅರಳಲಿಲ್ಲ. ಕತೀರಾ ನೀರಿನಲ್ಲಿ ಉಬ್ಬಿ ಲೋಳೆಯಾಗುವ ಅಂಟು, ಬೇಸಿಗೆಯ ಶರಬತ್ತಿಗೆ ಹಾಕುವುದು. ನೋಡಲು ಬಿಳಿಚಾಗಿ, ಮಂಕಾಗಿ, ಚಕ್ಕೆ ಚಕ್ಕೆಯಾಗಿರುತ್ತದೆ. ನಮಗೆ ಬೇಕಾದದ್ದು ಜೇನಿನ ಬಣ್ಣದ, ಬೆಳಕು ಹಾಯುವ ಹರಳು. ಜಾಲಿಯದ್ದಾದರೂ ಆಗಬಹುದು, ಧಾವಡಾ ಅಂತ ಇಲ್ಲಿ ಕೇಳಿದರೆ ಸಿಗುವ ದಿಂಡಿಗದ ಅಂಟಾದರೂ ಆಗಬಹುದು.

ಎರಡು, ಬೆಲ್ಲ ಕೇಳುವಾಗ "ಸಾಧಾ ಗೂಳ್" ಅನ್ನಿ. ಮುಂಬೈಯಲ್ಲಿ ಚಿಕ್ಕಿ ಬೆಲ್ಲ ಅಂತ ಬೇರೆಯೇ ಮಾರುತ್ತಾರೆ. ಅದು ಇರುವುದೇ ಗಟ್ಟಿಯಾಗಿ ಹಿಡಿಯಲಿಕ್ಕೆ. ಕಲ್ಲುಂಡೆಗಳ ಅರ್ಧ ಕಥೆ ಅಲ್ಲೇ ಇದೆ.

ರೆಡಿ ಉತ್ತತ್ತಿ ಪುಡಿ ತರಬೇಡಿ. ಹಳೆಯ ವಾಸನೆ, ಹಲ್ಲಿಗೆ ಮರಳು. ಮನೆಯಲ್ಲೇ ಬೀಜ ತೆಗೆದು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಮಿಕ್ಸಿಯಲ್ಲಿ ತರಿತರಿಯಾಗಿ ತಿರುಗಿಸಿ.

ಈಗ ಅಂಟು. ಮಳೆಗಾಲದಲ್ಲಿ ಇಲ್ಲಿಯ ಗಾಳಿಗೆ ಅದು ಥಂಡಿ ಹಿಡಿದಿರುತ್ತದೆ. ಕಿಟಕಿಯ ಗ್ರಿಲ್‌ನಲ್ಲಿ ಬಿಸಿಲು ಬಂದರೆ ಒಂದು ತಾಸು ಹರಡಿ. ಬರದಿದ್ದರೆ ಬಿಸಿ ಮಾಡಿ ಉರಿ ಆರಿಸಿದ ತವೆಯ ಮೇಲೆ ಹತ್ತು ನಿಮಿಷ ಇಡಿ. ತೊಳೆಯುವ ಮಾತೇ ಇಲ್ಲ. ತೊಗಟೆ, ಕಸ ಇದ್ದರೆ ಕೈಯಿಂದ ಆರಿಸಿ. ದೊಡ್ಡ ಹರಳುಗಳನ್ನು ಕುಟ್ಟಿ ಬಟಾಣಿಗಿಂತ ಚಿಕ್ಕದು ಮಾಡಿ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ದೊಡ್ಡ ಹರಳು ಹೊರಗೆ ಅರಳುತ್ತದೆ, ಒಳಗೆ ಹಸಿಯಾಗಿ ಉಳಿಯುತ್ತದೆ. ಆ ಹಸಿ ಅಂಟು ಆಮೇಲೆ ಹಲ್ಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ.

ದಪ್ಪ ತಳದ ಚಿಕ್ಕ ಬಾಣಲೆಯಲ್ಲಿ ತುಪ್ಪ ಕಾಯಿಸಿ, ಮಧ್ಯಮ ಉರಿ ಇಡಿ. ಒಂದೇ ಒಂದು ಹರಳು ಹಾಕಿ ನೋಡಿ. ತಳಕ್ಕೆ ಹೋಗಿ ಸುಮ್ಮನೆ ಕೂತರೆ ತುಪ್ಪ ಕಾದಿಲ್ಲ. ಹಾಕಿದ ಕೂಡಲೇ ಕೆಂಪಾದರೆ ಜಾಸ್ತಿ ಕಾದಿದೆ, ಕೆಳಗಿಳಿಸಿ ಒಂದು ನಿಮಿಷ ಬಿಡಿ. ಹರಳು ನಿಧಾನ ಮೇಲೆ ಬಂದು ಅರಳಿನ ಹಾಗೆ ಬಿಳಿಯಾಗಿ ಬಿರಿದರೆ ಸರಿ. ಆಮೇಲೆ ಒಂದೊಂದೇ ಚಮಚ ಹಾಕಿ, ಜಾಲರಿ ಸೌಟಿನಿಂದ ಆಡಿಸುತ್ತಲೇ ಇರಿ. 100 ಗ್ರಾಂಗೆ ಏಳೆಂಟು ಸಲವಾದರೂ ಬೇಕು. "ಎಲ್ಲ ಒಟ್ಟಿಗೆ ಹಾಕಿಬಿಡ್ತೀನಿ" ಅಂದವರೇ ಡಬ್ಬಿ ಹಿಡಿದು ನನ್ನ ಮನೆಗೆ ಬರುವವರು.

ಪ್ರತಿ ಸಲ ತೆಗೆದದ್ದರಲ್ಲಿ ದಪ್ಪನೆಯದೊಂದನ್ನು ಆರಿಸಿ, ಬೆರಳಲ್ಲಿ ಒತ್ತಿ. ಪೂರ್ತಿ ಪುಡಿಯಾಗಬೇಕು. ನಡುವೆ ಗಾಜಿನಂಥ ಕಾಳು ಸಿಕ್ಕರೆ ಆ ಕಂತನ್ನು ಇನ್ನಷ್ಟು ಒಡೆದು ಮತ್ತೆ ಕರಿಯಿರಿ. ತಣ್ಣಗಾದ ಮೇಲೆ ವಾಟಿಯ ತಳದಿಂದ ಒತ್ತಿ ಪುಡಿ ಮಾಡಿ. ಮಿಕ್ಸಿ ಬೇಡ, ನುಣ್ಣಗಾದರೆ ಉಂಡೆ ತಿಂದ ಮಜಾ ಹೋಗುತ್ತದೆ.

ಉಳಿದ ತುಪ್ಪದಲ್ಲೇ ಬಾದಾಮಿ, ಗೋಡಂಬಿ ಹುರಿದು ತರಿ ಮಾಡಿ. ಗಸಗಸೆ, ತುರಿದ ಕೊಬ್ಬರಿ ಒಣ ಬಾಣಲೆಯಲ್ಲಿ ಹುರಿಯಿರಿ. ಎಲ್ಲ ಒಂದು ಪರಾತದಲ್ಲಿ ಸುರಿದು ಶುಂಠಿ, ಏಲಕ್ಕಿ, ಜಾಯಿಕಾಯಿ ಬೆರೆಸಿ.

ಬೆಲ್ಲ. ಪುಡಿ ಮಾಡಿ, ಎರಡು ಚಮಚ ತುಪ್ಪ, ಎರಡು ಚಮಚ ನೀರಿನ ಜೊತೆ ಸಣ್ಣ ಉರಿಯಲ್ಲಿಡಿ. ಗಂಟು ಕರಗಿ, ಅಂಚಿನಿಂದ ನೊರೆ ಎದ್ದು ನಡುವಿಗೆ ಬಂದ ಕೂಡಲೇ ಉರಿ ಆರಿಸಿ. ಎಳೆ ನೋಡಬೇಡಿ. ಎಳೆ ಬಂದಿದೆ ಅಂದರೆ ಆಗಲೇ ತಡವಾಗಿದೆ. ಪರಾತಕ್ಕೆ ಸುರಿದು ಸೌಟಿನಿಂದ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಕಟ್ಟಿ. ಇಬ್ಬರಿದ್ದರೆ ಒಳ್ಳೆಯದು. ಕೊನೆಗೆ ಉದುರತೊಡಗಿದರೆ ಪರಾತವನ್ನೇ ಸಣ್ಣ ಉರಿಯ ಮೇಲೆ ಅರ್ಧ ನಿಮಿಷ ಹಿಡಿದು ಒಂದು ಚಮಚ ಬಿಸಿ ತುಪ್ಪ ಬಿಡಿ. ಹಾಲು ಚಿಮುಕಿಸುವ ಶಾರ್ಟ್‌ಕಟ್ ಬೇಡ. ಮುಂಬೈ ಸೆಖೆಗೆ ಬೇಗ ಬೂಷ್ಟು ಹಿಡಿಯುತ್ತದೆ.

ಪೂರ್ತಿ ಆರಿದ ಮೇಲೆ ಒಣ ಡಬ್ಬಿಗೆ ಹಾಕಿ. ಮೂರು ವಾರಕ್ಕೆ ಮೋಸವಿಲ್ಲ.

ಎಷ್ಟು ತಿನ್ನಬೇಕು? ಬೆಳಿಗ್ಗೆ ಒಂದು, ಜಾಸ್ತಿ ಅಂದರೆ ಸಂಜೆ ಇನ್ನೊಂದು. ಒಂದರಲ್ಲೇ 200 ಕ್ಯಾಲೊರಿಯ ಹತ್ತಿರ ಇರುತ್ತದೆ. ಹಾಲುಣಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುತ್ತದೆ. ಅದು ಪೂರ್ತಿ ಉಂಡೆಯಿಂದಲೇ ಬರಬೇಕಿಲ್ಲ, ಅನ್ನ, ಬೇಳೆ, ಸೊಪ್ಪೂ ಇವೆ ಅಲ್ವಾ? ಸಿಸೇರಿಯನ್ ಆಗಿದ್ದರೆ, ಬಸಿರಲ್ಲಿ ಸಕ್ಕರೆ ಬಂದಿದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. "ಬಾಣಂತಿಗೆ ನೀರು ಕೊಡಬಾರದು" ಅನ್ನುವ ಅಜ್ಜಿಯ ಮಾತನ್ನು ದಯವಿಟ್ಟು ಬಿಡಿ. ಉಂಡೆ ತಿಂದು ನೀರು ಕುಡಿಯದಿದ್ದರೆ ಹೊಟ್ಟೆ ಕಟ್ಟುತ್ತದೆ.

ಊಟದ ಮೇಲೆ ಅರ್ಧ ಚಮಚ ಹುರಿದ ಸಬ್ಬಸಿಗೆ ಬೀಜ ಕೊಡಿ. ಇಲ್ಲಿ ಅದರ ಹೆಸರೇ ಬಾಳಂತಶೇಪಾ, ಕೇಳಿದರೆ ಯಾರಿಗೂ ಗೊತ್ತು. ಹೊಟ್ಟೆ ಹಗುರಾಗುತ್ತದೆ. ಆದರೆ ಹಾಲು ಹೆಚ್ಚುವುದು ಮುಖ್ಯವಾಗಿ ಮಗು ಮತ್ತೆ ಮತ್ತೆ ಚೀಪುವುದರಿಂದ, ಬೀಜದಿಂದಲ್ಲ. ಹೆಸರು, ಲೈಸೆನ್ಸ್ ನಂಬರ್ ಇಲ್ಲದ ಪೊಟ್ಟಣದ "ಬಾಣಂತಿ ಪುಡಿ"ಗಳನ್ನು ಮಾತ್ರ ಮನೆಗೆ ತರಬೇಡಿ. ಒಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ನಂತರ 180 ದಿನಕ್ಕೆ ಕೊಡುವ ಕಬ್ಬಿಣದ ಮಾತ್ರೆಯನ್ನು ಉಂಡೆ ಇದೆ ಅಂತ ನಿಲ್ಲಿಸಬಾರದು. ಜ್ವರ ಬಂದರೆ, ಒಂದು ತಾಸಿನಲ್ಲೇ ಪ್ಯಾಡ್ ಪೂರ್ತಿ ತೊಯ್ದರೆ, ತಲೆ ವಿಪರೀತ ಸಿಡಿದರೆ ಕಷಾಯ ಕುದಿಸುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ.

ಇನ್ನೊಂದು, ಗಂಡನಿಗೆ ಐದಾರು ಉಂಡೆ ಬೇರೆ ಡಬ್ಬಿಯಲ್ಲಿ ಹಾಕಿಡಿ. ಇಲ್ಲದಿದ್ದರೆ ಬಾಣಂತಿಯ ಡಬ್ಬಿ ವಾರದಲ್ಲೇ ಖಾಲಿ.