ಮುಳ್ಳು ಇಳಿದ ಮಾತ್ರಕ್ಕೆ ಕೊಬ್ಬು ಕರಗಿತೇ?

ತೂಕ ಇಳಿಸಲು ಹೊರಟವರು ಮೊದಲ ವಾರ ಹಿಗ್ಗುತ್ತಾರೆ, ಮೂರನೆಯ ವಾರ ಕುಗ್ಗುತ್ತಾರೆ, ಎರಡನೆಯ ತಿಂಗಳಿಗೆ ಕೈಚೆಲ್ಲುತ್ತಾರೆ. ಆಮೇಲೆ ಎಲ್ಲರೂ ಸೇರಿ ಅವರ ಮನೋಬಲವನ್ನು ದೂರುತ್ತಾರೆ. ಮನೋಬಲದ ಪಾಲು ಇಲ್ಲವೆಂದಲ್ಲ. ಆದರೆ ಅದಕ್ಕೂ ಮೊದಲು ಲೆಕ್ಕವೇ ತಪ್ಪಿರುತ್ತದೆ. ತೂಕ ಇಳಿದರೆ ಕೊಬ್ಬು ಇಳಿಯಿತು, ಬೆವರು ಹರಿದರೆ ಕೊಬ್ಬು ಹರಿಯಿತು, ಹೊಟ್ಟೆ ನೋಯುವಷ್ಟು ವ್ಯಾಯಾಮ ಮಾಡಿದರೆ ಹೊಟ್ಟೆ ಕರಗಿತು ಎಂದುಕೊಂಡು ಹೊರಟರೆ ನಿರಾಸೆ ಕಟ್ಟಿಟ್ಟದ್ದು. ಈ ಕಲ್ಪನೆಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಮುಂದೆ ಹೋಗುವ ಕ್ರಮ ಹೀಗೆ.

ಹೆಜ್ಜೆ 1: ಮೊದಲ ವಾರದ ಇಳಿಕೆಯನ್ನು ನಂಬಬೇಡಿ

ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ರೂಪದಲ್ಲಿ ಸುಮಾರು ಅರ್ಧ ಕಿಲೋದಷ್ಟು ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆ ಮಾಡಿದ, ಅದರಲ್ಲೂ ಕಾರ್ಬೋಹೈಡ್ರೇಟ್ ಬಿಟ್ಟ ಮೊದಲ ದಿನಗಳಲ್ಲಿ ಈ ದಾಸ್ತಾನು ಖರ್ಚಾಗಿ, ನೀರು ಮೂತ್ರದ ದಾರಿ ಹಿಡಿಯುತ್ತದೆ. ಒಂದೆರಡು ಕಿಲೋ ಹೀಗೆಯೇ ಹೋಗುತ್ತದೆ. ಮತ್ತೆ ಎಂದಿನಂತೆ ಉಂಡರೆ ಹೀಗೆಯೇ ಬರುತ್ತದೆ.

‘ವಾರಕ್ಕೆ 3 ಕಿಲೋ ಕೊಬ್ಬು ಕರಗಿಸಿ’ ಎಂಬ ಜಾಹೀರಾತನ್ನು ಕಾಗದದ ಮೇಲೆ ಪರೀಕ್ಷಿಸಿ ನೋಡಿ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಮೂರು ಕಿಲೋಗೆ 23,100. ಏಳು ದಿನಗಳಿಗೆ ಹಂಚಿದರೆ ದಿನಕ್ಕೆ 3,300 ಕ್ಯಾಲೊರಿಯ ಕೊರತೆ ಬೀಳಬೇಕು. ಬಹುಪಾಲು ಜನರ ಇಡೀ ದಿನದ ಖರ್ಚೇ ಅಷ್ಟಿರುವುದಿಲ್ಲ. ಪೂರ್ತಿ ಉಪವಾಸ ಕುಳಿತರೂ ಲೆಕ್ಕ ಕೂಡುವುದಿಲ್ಲ.

ಇದೇ ಲೆಕ್ಕ ತಿರುಗುಮುರುಗಾಗಿ ಸಮಾಧಾನವನ್ನೂ ಕೊಡುತ್ತದೆ. ರಾತ್ರಿ ಉಪ್ಪು ಹೆಚ್ಚಿದ ಊಟ ಮಾಡಿ ಬೆಳಿಗ್ಗೆ ಒಂದು ಕಿಲೋ ಏರಿದರೆ ಅದು ಕೊಬ್ಬಲ್ಲ, ಬಹುಪಾಲು ನೀರು. ಮಹಿಳೆಯರಲ್ಲಿ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಇಂಥ ಏರಿಕೆ ಸಾಮಾನ್ಯ.

ಆದ್ದರಿಂದ ದಿನವೂ ಬೆಳಿಗ್ಗೆ ಶೌಚದ ನಂತರ, ಏನನ್ನೂ ತಿನ್ನುವ ಕುಡಿಯುವ ಮೊದಲು ತೂಕ ನೋಡಿ ಬರೆದಿಡಿ. ಏಳು ದಿನಗಳ ಸರಾಸರಿ ತೆಗೆದು, ಅದನ್ನು ಹಿಂದಿನ ವಾರದ ಸರಾಸರಿಯ ಜೊತೆಗೆ ಮಾತ್ರ ಹೋಲಿಸಿ. ಒಂದು ವಾರ 78.6, 78.1, 79.0, 78.4, 78.2, 78.9, 78.0 ಎಂದಿದ್ದು, ಮುಂದಿನ ವಾರ 78.3, 77.7, 78.6, 78.0, 77.9, 78.4, 77.6 ಆಯಿತು ಎಂದುಕೊಳ್ಳಿ. ಎರಡನೆಯ ವಾರದ 78.4 ಕಂಡು, ‘ಹೋದ ವಾರ 78.1 ಇತ್ತಲ್ಲ, ಏರಿಬಿಟ್ಟೆ’ ಎಂದು ಹಲುಬುವವರು ಬೇಕಾದಷ್ಟು. ಸರಾಸರಿ ನೋಡಿದರೆ 78.5 ಇದ್ದದ್ದು 78.1ಕ್ಕೆ ಬಂದಿದೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ಜೊತೆಗೆ ಎರಡು ವಾರಕ್ಕೊಮ್ಮೆ ಸೊಂಟದ ಸುತ್ತಳತೆಯನ್ನು ಟೇಪಿನಿಂದ ಅಳೆದಿಡಿ.

ದಿನದಿನದ ಸಂಖ್ಯೆ ನೋಡಿ ದಿನವಿಡೀ ಮನಸ್ಸು ಕೆಡುವಂತಿದ್ದರೆ ವಾರಕ್ಕೊಮ್ಮೆ ನೋಡುವುದೇ ಲೇಸು.

ಹೆಜ್ಜೆ 2: ಎರಡು ವಾರ ತಿಂದದ್ದನ್ನು ಅಳೆಯಿರಿ

‘ನಾನು ನೀರು ಕುಡಿದರೂ ಮೈಗೆ ಹತ್ತುತ್ತದೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆ ಕಾಣುತ್ತದೆ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನ ಇಂಥವರನ್ನೇ ಪರೀಕ್ಷಿಸಿತು. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂಬುದು ಅವರ ದೂರು. ಅಳೆದು ನೋಡಿದಾಗ ಅವರ ಚಯಾಪಚಯ, ಅಂದರೆ ದೇಹ ಕ್ಯಾಲೊರಿ ಖರ್ಚುಮಾಡುವ ಕ್ರಿಯೆ, ಸರಿಯಾಗಿಯೇ ಇತ್ತು. ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ, ದೈಹಿಕ ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚು ಎಂದು ಅವರು ವರದಿ ಮಾಡಿದ್ದರು.

ಕಣ್ತಪ್ಪುವುದು ಎಲ್ಲಿ ಎಂದು ನೋಡಲು ಬಾಣಲೆಯ ಪಕ್ಕ ನಿಲ್ಲಬೇಕು. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 14 ಗ್ರಾಂ, 120 ಕ್ಯಾಲೊರಿ. ಬಾಟಲಿಯನ್ನು ಕೈಯಳತೆಯಲ್ಲಿ ಬಗ್ಗಿಸಿದಾಗ ಒಂದು ಬೀಳುವ ಕಡೆ ಮೂರು ಚಮಚ ಬಿದ್ದಿರುತ್ತದೆ, ಬಾಣಲೆಯ ತಳದಲ್ಲಿ ಹರಡಿಕೊಂಡ ಮೇಲೆ ಅದು ಕಾಣುವುದೂ ಇಲ್ಲ. ಅಡುಗೆಗೆ ಮೊದಲು ಒಮ್ಮೆ, ನಂತರ ಒಮ್ಮೆ ಬಾಟಲಿಯನ್ನೇ ಅಡುಗೆಮನೆಯ ತಕ್ಕಡಿಯ ಮೇಲಿಡಿ. ವ್ಯತ್ಯಾಸವೇ ನಿಮ್ಮ ಎಣ್ಣೆ. ಎಣ್ಣೆ ಯಾವ ಬೀಜದ್ದಾದರೂ, ಎಷ್ಟೇ ದುಬಾರಿಯದಾದರೂ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ.

‘ಆರೋಗ್ಯಕರ’ ಎಂಬ ಹಣೆಪಟ್ಟಿ ಇನ್ನೊಂದು ಮೋಸ. ಬಾದಾಮಿ ಒಳ್ಳೆಯದೇ, ಆದರೆ 30 ಗ್ರಾಂಗೆ ಸುಮಾರು 170 ಕ್ಯಾಲೊರಿ. ಬಿಸಿನೀರಿಗೆ ಹಾಕುವ ಒಂದು ದೊಡ್ಡ ಚಮಚ ಜೇನಿನಲ್ಲಿ 60ಕ್ಕೂ ಹೆಚ್ಚು. ನಿಂಬೆ ಹಿಂಡಿದರೆ ಅದು ಕೊಬ್ಬನ್ನು ಕೊಯ್ಯುವ ಕತ್ತರಿಯಾಗಿಬಿಡುವುದಿಲ್ಲ. ಈ ಅಳತೆ ಜೀವಮಾನದ ವ್ರತವೇನಲ್ಲ. ಎರಡು ವಾರ ಮಾಡಿದರೆ ಕಣ್ಣಿಗೆ ಅಂದಾಜು ಕೂರುತ್ತದೆ.

ಹೆಜ್ಜೆ 3: ಒಂದು ಆಹಾರದ ಮೇಲೆ ಹಗೆ ಸಾಧಿಸಬೇಡಿ

ಒಂದು ಕಾಲಕ್ಕೆ ಕೊಬ್ಬು ಖಳನಾಯಕ, ಈಗ ಕಾರ್ಬೋಹೈಡ್ರೇಟ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 609 ಜನರಲ್ಲಿ ಕೆಲವರಿಗೆ ಕಡಿಮೆ ಕೊಬ್ಬಿನ, ಉಳಿದವರಿಗೆ ಕಡಿಮೆ ಕಾರ್ಬೋಹೈಡ್ರೇಟ್‌ನ ಆಹಾರ ಸೂಚಿಸಿ ಒಂದು ವರ್ಷ ಗಮನಿಸಿದರು. 2018ರಲ್ಲಿ ಬಂದ ಫಲಿತಾಂಶ: ಸರಾಸರಿ ಇಳಿಕೆ ಮೊದಲ ಗುಂಪಿನಲ್ಲಿ 5.3 ಕಿಲೋ, ಎರಡನೆಯದರಲ್ಲಿ 6 ಕಿಲೋ. ಗಣನೀಯ ಅಂತರವೇ ಇಲ್ಲ. ದಿನದ ಎಂಟೇ ತಾಸಿನೊಳಗೆ ಊಟ ಮುಗಿಸುವ ಕ್ರಮವೂ ಅಷ್ಟೇ: ಕ್ಯಾಲೊರಿ ಸಮಾನವಾಗಿ ಕಡಿಮೆ ಮಾಡಿದಾಗ ಅದರಿಂದ ಹೆಚ್ಚುವರಿ ಲಾಭ ಕಾಣಲಿಲ್ಲ ಎಂದು 2022ರ ಪ್ರಯೋಗವೊಂದು ತೋರಿಸಿತು. ಯಾವುದು ನಿಮಗೆ ವರ್ಷಗಟ್ಟಲೆ ಒಗ್ಗುತ್ತದೋ ಅದನ್ನು ಹಿಡಿಯಿರಿ.

ಆದರೆ ಪೊಟ್ಟಣದ ತಿಂಡಿಗಳ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 20 ಜನರನ್ನು ಒಂದೆಡೆ ಇರಿಸಿಕೊಂಡು ಎರಡು ವಾರ ಅತಿ ಸಂಸ್ಕರಿತ ಆಹಾರ, ಎರಡು ವಾರ ಸರಳ ಅಡುಗೆ ಬಡಿಸಿತು. ಬೇಕಾದಷ್ಟು ತಿನ್ನಲು ಅವಕಾಶವಿತ್ತು. ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸರಾಸರಿ 500 ಕ್ಯಾಲೊರಿ ಹೆಚ್ಚು ತಿಂದರು. ಅದನ್ನು ಮನೆಗೆ ತರದಿರುವುದು ತಂದಿಟ್ಟುಕೊಂಡು ತಡೆದುಕೊಳ್ಳುವುದಕ್ಕಿಂತ ಸುಲಭ.

ಹೆಜ್ಜೆ 4: ವ್ಯಾಯಾಮದಿಂದ ಬರುವುದನ್ನಷ್ಟೇ ಬಯಸಿ

ಬೆವರು ನೀರು; ಎರಡು ಲೋಟ ಕುಡಿದರೆ ವಾಪಸ್. ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದರಿಂದ ನಿರ್ಜಲೀಕರಣ ಗ್ಯಾರಂಟಿ, ಬೇರೇನೂ ಅಲ್ಲ. ಕರಗಿದ ಕೊಬ್ಬು ಹೊರಹೋಗುವುದು ಬಹುತೇಕ ಉಸಿರಿನಲ್ಲಿ: 10 ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ, ಉಳಿದ 1.6 ಕಿಲೋ ನೀರಾಗಿ ಹೋಗುತ್ತದೆ. (ಹಾಗೆಂದು ಕುಳಿತಲ್ಲೇ ಜೋರಾಗಿ ಉಸಿರಾಡಿದರೆ ತಲೆ ಸುತ್ತುತ್ತದೆ, ಅಷ್ಟೇ.)

ಕೊಬ್ಬು ಯಾವ ಜಾಗದಿಂದ ಹೋಗಬೇಕೆಂದು ನಾವು ಹೇಳಲಾಗದು. ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದ 1971ರ ಅಧ್ಯಯನದಲ್ಲಿ, ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳಿನ ಚರ್ಮದಡಿಯ ಕೊಬ್ಬು ಇನ್ನೊಂದು ತೋಳಿನಷ್ಟೇ ಇತ್ತು. ಹೊಟ್ಟೆಯ ಕಸರತ್ತು ಹೊಟ್ಟೆಯ ಸ್ನಾಯುವನ್ನು ಗಟ್ಟಿ ಮಾಡುತ್ತದೆ. ಅದರ ಮೇಲಿನ ಪದರ ತನ್ನ ಸರದಿಗೆ ಕಾಯುತ್ತದೆ.

70 ಕಿಲೋ ತೂಕದವರು ಒಂದು ತಾಸು ಬಿರುಸಿಲ್ಲದೆ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ. ನಡಿಗೆಯ ನಂತರದ ಬಹುಮಾನದ ತಿಂಡಿ ಅದನ್ನು ಎರಡು ತುತ್ತಿನಲ್ಲಿ ನುಂಗಿಹಾಕಬಲ್ಲದು. ಆದರೂ ವಾರಕ್ಕೆ 150 ನಿಮಿಷದ ಚಟುವಟಿಕೆ, ಎರಡು ದಿನ ಭಾರ ಎತ್ತುವಂಥ ವ್ಯಾಯಾಮ ಬಿಡಬೇಡಿ. ಹೃದಯಕ್ಕೆ ಅದು ಬೇಕು, ಇಳಿದ ತೂಕ ಮತ್ತೆ ಏರದಿರಲು ಬೇಕು, ಕೊಬ್ಬಿನ ಜೊತೆ ಸ್ನಾಯುವೂ ಕರಗದಿರಲು ಬೇಕು.

ಹೆಜ್ಜೆ 5: ಇಳಿಕೆ ನಿಂತಾಗ ಊಟವನ್ನು ಅರ್ಧಕ್ಕಿಳಿಸಬೇಡಿ

ವಯಸ್ಸನ್ನು ದೂರುವ ಮೊದಲು ಇದನ್ನು ಗಮನಿಸಿ: 29 ದೇಶಗಳ 6,400ಕ್ಕೂ ಹೆಚ್ಚು ಜನರ ದತ್ತಾಂಶ ಆಧರಿಸಿದ 2021ರ ಅಧ್ಯಯನದ ಪ್ರಕಾರ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರವರೆಗೆ ಚಯಾಪಚಯ ಬಹುತೇಕ ಒಂದೇ ಮಟ್ಟದಲ್ಲಿರುತ್ತದೆ. ಇಳಿಕೆ ನಿಲ್ಲಲು ಕಾರಣ ಸರಳ. ಹತ್ತು ಕಿಲೋ ಹಗುರಾದ ದೇಹಕ್ಕೆ ಮೊದಲಿನಷ್ಟು ಇಂಧನ ಬೇಡ, ಅಳತೆಯೂ ಅಷ್ಟರಲ್ಲಿ ಸಡಿಲಾಗಿರುತ್ತದೆ. ಎರಡನೆಯ ಹೆಜ್ಜೆಯನ್ನು ಒಂದು ವಾರ ಮತ್ತೆ ಮಾಡಿ, ದಿನಕ್ಕೆ 100ರಿಂದ 200 ಕ್ಯಾಲೊರಿ ಮಾತ್ರ ತಗ್ಗಿಸಿ. ತೀರಾ ಕಡಿಮೆ ತಿಂದು ಭರದಿಂದ ಇಳಿಸಿದರೆ ಸ್ನಾಯು ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚುತ್ತದೆ.

ಗರ್ಭಿಣಿಯರು, ಹಾಲೂಡಿಸುವವರು, ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರು ಇವುಗಳಲ್ಲಿ ಯಾವುದನ್ನೂ ಸ್ವಂತ ಬುದ್ಧಿಯಿಂದ ಆರಂಭಿಸಬಾರದು. ಇನ್ಸುಲಿನ್ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ತೂಕ ಇಳಿದಂತೆ ಪ್ರಮಾಣ ಬದಲಿಸಬೇಕಾಗಬಹುದು. ಮೊದಲೇ ವೈದ್ಯರಿಗೆ ತಿಳಿಸಿ. ಥೈರಾಯ್ಡ್ ಕೊರತೆ, ಸ್ಟೆರಾಯ್ಡ್ ಮತ್ತು ಕೆಲವು ಮನೋರೋಗದ ಔಷಧಗಳು ತೂಕ ಏರಿಸುವುದುಂಟು, ಆದರೆ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಇನ್ನು ಯಾವ ಪ್ರಯತ್ನವೂ ಇಲ್ಲದೆ ಆರು ತಿಂಗಳು, ವರ್ಷದೊಳಗೆ ತೂಕದ ಶೇ 5ರಷ್ಟು ಇಳಿದಿದ್ದರೆ, ಅಕ್ಕಪಕ್ಕದವರು ‘ಚೆನ್ನಾಗಿ ಸಣ್ಣಗಾಗಿದ್ದೀರಿ’ ಎಂದು ಹೊಗಳಿದರೂ ತಡಮಾಡದೆ ತಪಾಸಣೆ ಮಾಡಿಸಿಕೊಳ್ಳಿ.