ಬ್ಲೋವರ್ ಶುರುವಾದರೆ ಡೇಟಾ ಮಾಯ: 485 ಲೈನಿಗೆ ಐಸೊಲೇಷನ್ ಹಾಕುವ ಬಗೆ

ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ಒಂದೇ ಸೀಸನ್ನಿಗೆ ನಾಲ್ಕು ಯುಎಸ್‌ಬಿ ಕನ್ವರ್ಟರ್ (ಲೈನಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ಕೊಡುವ ಡಬ್ಬಿ) ಸುಟ್ಟುಕೊಂಡವನು ನಾನು. ಕೆಲಸ ಸಣ್ಣದೇ. ಭತ್ತದ ಡ್ರೈಯರ್ ಪ್ಯಾನೆಲ್‌ನ ಪಿಎಲ್‌ಸಿಯಿಂದ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಬಿಸಿಯ ಲೆಕ್ಕ ಆಫೀಸಿನ ಕಂಪ್ಯೂಟರಿಗೆ ಬರಬೇಕು. ನಡುವೆ 180 ಮೀಟರ್ ಕೇಬಲ್, ಎರಡು ತಂತಿಯಲ್ಲಿ ಡೇಟಾ ಕಳಿಸುವ ಆರ್‌ಎಸ್-485 ಲೈನ್, ಅದರ ಮೇಲೆ ಮಾಡ್‌ಬಸ್ ಅನ್ನುವ ಡೇಟಾ ಭಾಷೆ. ವೇಗ ಕಡಿಮೆ ಇಟ್ಟರೆ 485 ಲೈನ್ 1200 ಮೀಟರ್‌ವರೆಗೂ ಓಡುತ್ತದೆ, ಹಾಗಾಗಿ ದೂರದ ಚಿಂತೆ ಇರಲಿಲ್ಲ. ಆದರೆ ದೊಡ್ಡ ಬ್ಲೋವರ್ ಶುರುವಾದ ಕೂಡಲೇ ಡೇಟಾ ಮಾಯ. ಕೆಲವು ಸಲ ಕನ್ವರ್ಟರೇ ಸತ್ತಿರುತ್ತಿತ್ತು.

ಮೊದಲು ಒಂದು ಸುಲಭದ ಪರೀಕ್ಷೆ. ಲ್ಯಾಪ್‌ಟಾಪ್ ತಂದು ಚಾರ್ಜರ್ ತೆಗೆದು, ಬರೀ ಬ್ಯಾಟರಿಯಲ್ಲಿ ಓಡಿಸಿ ನೋಡಿ. ಆಗ ಡೇಟಾ ಸರಿಯಾಗಿ ಬಂದು, ಚಾರ್ಜರ್ ಹಾಕಿದ ತಕ್ಷಣ ಕೆಟ್ಟರೆ ತೊಂದರೆ ಗ್ರೌಂಡಿನದು, ಅಂದರೆ ಎರಡೂ ಕಡೆಯ ಅರ್ತ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸದ್ದು ಎಂದೇ ಅನುಮಾನಪಡಿ.

ಆಮೇಲೆ ಅಳೆಯಿರಿ. ಆಫೀಸ್ ಕಡೆ ಕೇಬಲ್ ಬಿಚ್ಚಿ. ಪಿಎಲ್‌ಸಿಯ ಝೀರೊ ವೋಲ್ಟ್‌ನಿಂದ ಬಂದ ತಂತಿಗೂ ಕಂಪ್ಯೂಟರಿನ ಲೋಹದ ಮೈಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ದೊಡ್ಡ ರೇಂಜ್‌ನಿಂದಲೇ ಶುರು ಮಾಡಿ. ಎಸಿ ನೋಡಿ, ಡಿಸಿಯನ್ನೂ ನೋಡಿ. ಮಿಲ್ ನಿಂತಾಗ ನನಗೆ ಸಿಕ್ಕಿದ್ದು ಒಂದೂವರೆ ವೋಲ್ಟ್ ಎಸಿ. ಬ್ಲೋವರ್ ಓಡುವಾಗ 9 ವೋಲ್ಟ್.

9 ವೋಲ್ಟ್ ಏನು ಮಹಾ ಅನಿಸಬಹುದು. ಆದರೆ ಮೀಟರ್ ತೋರಿಸುವುದು ಆರ್‌ಎಂಎಸ್, ಅಂದರೆ ಒಂದು ಬಗೆಯ ಸರಾಸರಿ. ಅಲೆಯ ತುದಿ ಸುಮಾರು 12.7 ವೋಲ್ಟ್, ಎರಡೂ ದಿಕ್ಕಿಗೆ. 485ರ ನಿಯಮದ ಪ್ರಕಾರ ಚಿಪ್ ತನ್ನ ಗ್ರೌಂಡಿಗೆ ಹೋಲಿಸಿದರೆ ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ ತಡೆದುಕೊಂಡು ಕೆಲಸ ಮಾಡಬೇಕು. ಅದರಾಚೆಗೆ ಡೇಟಾ ಕೆಡುತ್ತದೆ, ಇನ್ನೂ ಜಾಸ್ತಿಯಾದರೆ ಚಿಪ್ಪೇ ಹೋಗುತ್ತದೆ. ಮೋಟಾರ್ ಸ್ಟಾರ್ಟ್ ಆಗುವ ಕ್ಷಣದ ಏಟು ಮಲ್ಟಿಮೀಟರಿಗೆ ಕಾಣುವುದೂ ಇಲ್ಲ.

ಮಿಲ್ ಮಾಲೀಕರು "ಅರ್ತ್ ಪಿಟ್ಟಿಗೆ ಉಪ್ಪು, ನೀರು ಹಾಕಿಸ್ರಿ" ಅಂದರು. ಹಾಕಿಸಿದೆವು. 9 ಇದ್ದದ್ದು 6ಕ್ಕೆ ಇಳಿಯಿತು, ಬಿಸಿಲಿಗೆ ಪಿಟ್ ಒಣಗಿದ ಮೇಲೆ ಮತ್ತೆ ಏರಿತು. ಅರ್ತಿಂಗ್ ಸರಿ ಇರಲೇಬೇಕು, ಅದು ಜೀವದ ಪ್ರಶ್ನೆ. ಆದರೆ ಎರಡು ಕಟ್ಟಡಗಳ ಅರ್ತನ್ನು ಡೇಟಾ ಕೇಬಲ್ಲಿನಿಂದ ಜೋಡಿಸಿ ಸಮ ಮಾಡಲು ಹೋಗಬೇಡಿ. 0.5 ಚದರ ಮಿಲಿಮೀಟರ್ ತಂತಿ 180 ಮೀಟರಿಗೆ ಸುಮಾರು ಆರೂವರೆ ಓಮ್. 9 ವೋಲ್ಟಿಗೆ ಒಂದು ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಅದರಲ್ಲಿ ಹರಿಯಬಹುದು. ಇನ್ನು ಕೆಲವರು ಕಂಪ್ಯೂಟರ್ ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತು ಹಾಕುತ್ತಾರೆ. ಡೇಟಾ ಬರಬಹುದು, ಒಂದು ದಿನ ಯಾರಿಗಾದರೂ ಶಾಕೂ ಹೊಡೆಯಬಹುದು. ಖಂಡಿತ ಮಾಡಬೇಡಿ.

ಇದಕ್ಕೆ ದಾರಿ ಐಸೊಲೇಟರ್. ಅದರಲ್ಲಿ ಸಿಗ್ನಲ್ ದಾಟುತ್ತದೆ, ಆದರೆ ತಂತಿ ದಾಟುವುದಿಲ್ಲ. ಆಪ್ಟೊಕಪ್ಲರ್ ಆದರೆ ಬೆಳಕಿನ ಮೂಲಕ, ಈಗಿನ ಚಿಪ್‌ಗಳಲ್ಲಿ ಪುಟ್ಟ ಕಾಯಿಲ್ ಅಥವಾ ಕೆಪಾಸಿಟರ್ ಮೂಲಕ. ಎಲ್ಲರೂ ಮರೆಯುವುದು ಪವರ್. ಅದೂ ದಾಟಬಾರದು. ನಾನು ಎಡವಿದ್ದು ಇಲ್ಲೇ. ಮೊದಲು ತಂದದ್ದು ರೈಲ್ ಮೇಲೆ ಕೂರಿಸುವ ಐಸೊಲೇಟರ್, ಎರಡೂ ಕಡೆಗೆ ಬೇರೆ ಬೇರೆ 24 ವೋಲ್ಟ್ ಕೇಳುವಂಥದ್ದು. ಪ್ಯಾನೆಲ್‌ನಲ್ಲಿ ಒಂದೇ ಎಸ್‌ಎಂಪಿಎಸ್ (24 ವೋಲ್ಟ್ ಕೊಡುವ ಪವರ್ ಸಪ್ಲೈ) ಇತ್ತು, ಎರಡಕ್ಕೂ ಅದರಿಂದಲೇ ಕೊಟ್ಟೆ. ಎರಡೇ ದಿನ, ನಾಲ್ಕನೇ ಕನ್ವರ್ಟರ್ ಢಮಾರ್. ಬಜರ್ ಮೋಡ್‌ನಲ್ಲಿ ಎರಡು ಕಡೆಯ ಮೈನಸ್ ಮುಟ್ಟಿಸಿದರೆ ಕುಂಯ್ ಅಂತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗೆ.

ಹಾಗಾಗಿ ಯುಎಸ್‌ಬಿ ಕನ್ವರ್ಟರ್ ಕೊಳ್ಳುವಾಗ ಒಳಗೇ ಐಸೊಲೇಟೆಡ್ ಡಿಸಿ-ಡಿಸಿ (ತಂತಿಯ ಸಂಪರ್ಕ ಇಲ್ಲದೆ ಲೈನ್ ಕಡೆಗೆ ಪವರ್ ಕೊಡುವ ಭಾಗ) ಇದೆಯೇ ಅಂತ ಕೇಳಿ. "ಆಪ್ಟೊ ಇದೆ ಸಾರ್" ಅನ್ನುವುದು ಉತ್ತರ ಅಲ್ಲ. ಕೈಗೆ ಬಂದ ಮೇಲೆ ಯುಎಸ್‌ಬಿ ಪ್ಲಗ್ಗಿನ ಲೋಹಕ್ಕೂ ಲೈನ್ ಕಡೆಯ ಗ್ರೌಂಡಿಗೂ ಬಜರ್ ಹಾಕಿ. ಶಬ್ದ ಬಂದರೆ ವಾಪಸ್ ಕೊಡಿ. ಅದರ ಮೇಲೆ ಬರೆದ 2500 ವೋಲ್ಟ್ ಸಾಮಾನ್ಯವಾಗಿ ಒಂದು ನಿಮಿಷದ ಪರೀಕ್ಷೆಯ ಲೆಕ್ಕ, ದಿನವಿಡೀ ಹೊರುವ ಭಾರ ಅಲ್ಲ.

ವೈರಿಂಗ್ ಹೀಗೆ. ಡೇಟಾದ ಎರಡು ತಂತಿ, ಎ ಮತ್ತು ಬಿ, ತಿರುಚಿದ ಜೋಡಿಯಲ್ಲಿ. ಮೂರನೇ ತಂತಿಯಿಂದ ಪಿಎಲ್‌ಸಿಯ ಝೀರೊ ವೋಲ್ಟನ್ನು ಕನ್ವರ್ಟರಿನ ಲೈನ್ ಗ್ರೌಂಡಿಗೆ ಸೇರಿಸಿ. ಐಸೊಲೇಷನ್ ಇದೆಯಲ್ಲ, ಅದ್ಯಾಕೆ ಅಂತ ಬಿಡಬೇಡಿ, ಬಿಟ್ಟರೆ ಲೈನ್ ಕಡೆ ಆಧಾರವಿಲ್ಲದೆ ತೇಲುತ್ತದೆ. ಕೇಬಲ್ಲಿನ ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಡ್ರೈಯರ್ ಪ್ಯಾನೆಲ್‌ನಲ್ಲಿ ಮಾತ್ರ ಅರ್ತ್ ಆಗಲಿ, ಆಫೀಸ್ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿ. ಎರಡೂ ತುದಿಗೆ ಎ-ಬಿ ನಡುವೆ 120 ಓಮ್ ರೆಸಿಸ್ಟರ್ ಹಾಕಿ. ಪವರ್ ಆಫ್ ಮಾಡಿ ಎ-ಬಿ ನಡುವೆ ಅಳೆದರೆ 60ರ ಆಸುಪಾಸು ಬರಬೇಕು. ಎಲ್ಲಾ ಸರಿಯಿದ್ದೂ ಡೇಟಾ ಬರದಿದ್ದರೆ ಎ-ಬಿ ಅದಲುಬದಲು ಮಾಡಿ ನೋಡಿ, ಯಾವ ತಂತಿ ಎ, ಯಾವುದು ಬಿ ಅನ್ನುವುದು ಕಂಪನಿಗೊಂದು ಥರ.

ಸಿಡಿಲಿಗೆ ಇದಿಷ್ಟೇ ಸಾಲದು. ಭರಣಿ ಮಳೆ ಶುರುವಾಗುವ ಮೊದಲೇ 485ಕ್ಕೆಂದು ಬರುವ ಸರ್ಜ್ ಪ್ರೊಟೆಕ್ಟರನ್ನು ಎರಡೂ ತುದಿಗೆ ಕೂರಿಸಿಕೊಳ್ಳಿ.

ಕೊನೆಗೆ ಬ್ಲೋವರ್ ಓಡುವಾಗ ಲೈನ್ ಗ್ರೌಂಡಿಗೂ ಕಂಪ್ಯೂಟರಿನ ಮೈಗೂ ಮತ್ತೆ ಮೀಟರ್ ಹಿಡಿದೆ. ಅದೇ 9 ವೋಲ್ಟ್ ಕಂಡಿತು. ಪಕ್ಕದಲ್ಲಿದ್ದ ಹುಡುಗ "ಸರಿ ಆಗ್ಲಿಲ್ಲ ಸಾರ್" ಅಂದ. ಅದು ಹೋಗಬೇಕಾಗಿಯೂ ಇರಲಿಲ್ಲ. ಮೊದಲು ಚಿಪ್ಪಿನ ಮೇಲೆ ಬೀಳುತ್ತಿದ್ದದ್ದು ಈಗ ಐಸೊಲೇಟರಿನ ಮೇಲೆ ಕೂತಿತ್ತು, ಸ್ಕ್ರೀನಿನಲ್ಲಿ ಬಿಸಿಯ ಲೆಕ್ಕ ಓಡುತ್ತಲೇ ಇತ್ತು.