ಗಾಳಿ ಆಡಿಸದೆ ಒಣಗಿಸಿದ ಶೀಟ್ ಫಿಲ್ಮ್: ಧೂಳು, ಚುಕ್ಕೆಗಳ ಜೊತೆ ನನ್ನ ಅನುಭವ

ಸಣ್ಣ ಧೂಳನ್ನೂ ತಡೆಯುವ ಹೆಪಾ ಫಿಲ್ಟರ್ ಹಾಕಿದ ಒಣಗಿಸುವ ಕಪಾಟು ಇಲ್ಲದೆ ಮನೆಯಲ್ಲಿ ಶೀಟ್ ಫಿಲ್ಮಿನ, ಅಂದರೆ ಬಿಡಿಬಿಡಿ ಹಾಳೆಯಾಗಿ ಬರುವ ಫಿಲ್ಮಿನ, 4×5 ಇಂಚಿನ ನೆಗೆಟಿವ್ ಚೊಕ್ಕಟವಾಗಿ ಬರುವುದೇ ಇಲ್ಲ ಎಂದು ನನಗೆ ಹೇಳದವರಿಲ್ಲ. ಈಗ ಹತ್ತು ಹಾಳೆ ಡೆವಲಪ್ ಮಾಡಿದರೆ ಏಳೆಂಟಕ್ಕೆ ಚುಕ್ಕೆ ಮುಚ್ಚುವ ರಿಟಚಿಂಗ್ ಕುಂಚ ಮುಟ್ಟಿಸುವ ಕೆಲಸವೇ ಬೀಳುವುದಿಲ್ಲ. ಉಳಿದವುಗಳಲ್ಲಿ ಒಂದೆರಡು ಚುಕ್ಕೆ, ಅಷ್ಟೆ. ಕಪಾಟು ಕೊಂಡಿಲ್ಲ. ಫ್ಯಾನ್ ಅಂತೂ ಹಾಕುವುದೇ ಇಲ್ಲ.

ಎಲ್ಲ ಚುಕ್ಕೆಗೂ ಒಂದೇ ಮದ್ದು ಹುಡುಕುವುದನ್ನು ಬಿಟ್ಟ ಮೇಲೆಯೇ ದಾರಿ ಕಂಡದ್ದು. ಪ್ರಿಂಟಿನಲ್ಲಿ ಕಪ್ಪಗೆ ಕಾಣುವುದು ಬೆಳಕು ಬೀಳುವ ಮುಂಚೆಯೇ ಫಿಲ್ಮ್ ಮೇಲೆ ಕೂತಿದ್ದ ಧೂಳು, ಇಲ್ಲವೇ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ನಲ್ಲಿ ಅಂಟಿಕೊಂಡ ಗಾಳಿಗುಳ್ಳೆ. ಬೆಳ್ಳಗೆ ಕಾಣುವುದು ಆಮೇಲೆ ಅಂಟಿದ್ದು, ಒಣಗುವಾಗಲೋ ಪ್ರಿಂಟ್ ತೆಗೆಯುವ ಎನ್‌ಲಾರ್ಜರ್‌ನಲ್ಲೋ. ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು ನೋಡಿದರೆ ಗುಳ್ಳೆಯದು ದುಂಡಗೆ, ಅಂಚು ಸ್ಪಷ್ಟ; ಧೂಳಿನದು ಅಂಕುಡೊಂಕು. ಹಳೆಯ ನೆಗೆಟಿವ್‌ಗಳನ್ನು ಹೀಗೆ ವಿಂಗಡಿಸಿದಾಗ ಸುಮಾರು ಮುಕ್ಕಾಲು ಪಾಲು ಕಪ್ಪು ಚುಕ್ಕೆಗಳೇ. ಎಷ್ಟೇ ದುಬಾರಿ ಕಪಾಟು ತಂದಿದ್ದರೂ ಅವು ಹಾಗೇ ಉಳಿಯುತ್ತಿದ್ದವು!

ದುಡ್ಡು ಹೋಗಿದ್ದು ಬೇರೆ ಕಡೆ. ಏರ್ ಪ್ಯೂರಿಫೈಯರ್ ತಂದೆ. ಆ ದುಡ್ಡಿಗೆ ಎರಡು ಪೆಟ್ಟಿಗೆ ಫಿಲ್ಮ್ ಬರುತ್ತಿತ್ತು. ಕೋಣೆ ಚೊಕ್ಕಟವಾಯಿತು, ನೆಗೆಟಿವ್ ಆಗಲಿಲ್ಲ. ಒತ್ತಿದ ಗಾಳಿಯ ಡಬ್ಬಿಗಳು, ಫಿಲ್ಮ್ ಹಾಳೆ ತುಂಬಿ ಕ್ಯಾಮೆರಾಕ್ಕೆ ಹಾಕುವ ಹೋಲ್ಡರಿನ ಒಂದು ಮೂಲೆಯ ಧೂಳನ್ನು ಇನ್ನೊಂದು ಮೂಲೆಗೆ ದಾಟಿಸಿದವು, ಓರೆ ಹಿಡಿದರೆ ದ್ರವವನ್ನೇ ಉಗುಳಿದವು. ನೀರು ಒರೆಸುವ ಸ್ಪಂಜು ಒಂದೇ ಒಂದು ಮರಳಿನ ಕಣ ಹಿಡಿದುಕೊಂಡು ಒಂದಿಡೀ ಕಂತಿನ ಎಮಲ್ಷನ್ (ಚಿತ್ರ ಮೂಡುವ ಪದರ) ಗೀರಿತು.

ಕಪ್ಪು ಚುಕ್ಕೆಯ ತವರು ಹೋಲ್ಡರು. ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ತೆಳು ಹಲಗೆ, ಅಂದರೆ ಡಾರ್ಕ್ ಸ್ಲೈಡ್, ಜಾರುವ ಬಾಯಲ್ಲಿರುವ ಮಖಮಲ್ ಪಟ್ಟಿಯಲ್ಲಿ ಧೂಳು ಸೇರಿಕೊಂಡಿರುತ್ತದೆ, ಸ್ಲೈಡ್ ಎಳೆದಾಗಲೆಲ್ಲ ಹೊರಗೆ ಬರುತ್ತದೆ. ಸ್ಲೈಡ್ ಪೂರ್ತಿ ತೆಗೆದು, ಬಾಯಿ ಕೆಳಗೆ ಮಾಡಿ ತಟ್ಟಿ, ಮೆದು ಬ್ರಷ್ಷಿನ ಮೂತಿ ಹಾಕಿದ ವ್ಯಾಕ್ಯೂಮ್‌ನಿಂದ ಆ ಪಟ್ಟಿಯ ಧೂಳನ್ನೇ ಎಳೆಸುತ್ತೇನೆ. ಕ್ಯಾಮೆರಾದ ಬೆಲ್ಲೋಸ್ (ಮಡಿಕೆ ಮಡಿಕೆಯ ತಿದಿ) ಒಳಗೂ ಅದೇ ಮೂತಿ. ಹೋಲ್ಡರಿಗೆ ಫಿಲ್ಮ್ ಲೋಡ್ ಮಾಡುವ ಮುಂಚೆ ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿಡುತ್ತೇನೆ. ಹಬೆಯ ಜೊತೆ ಧೂಳೂ ಕೆಳಗಿಳಿಯುತ್ತದೆ, ತೇವಾಂಶ ಶೇ. 55-60ರ ಸುಮಾರಿಗೆ ಬಂದರೆ ಸ್ಥಿರ ವಿದ್ಯುತ್ತಿನ ಕಾಟವೂ ಇಳಿಯುತ್ತದೆ. ಕೈ ಮಾತ್ರ ಒಣಗಿರಬೇಕು. ತುಂಬಿದ ಹೋಲ್ಡರ್ ತಕ್ಷಣ ಜಿಪ್ ಚೀಲಕ್ಕೆ. ಕ್ಯಾಮೆರಾದಲ್ಲಿ ಸ್ಲೈಡನ್ನು ನಿಧಾನ ಎಳೆಯಬೇಕು. ಸರಕ್ಕನೆ ಎಳೆದರೆ ಫಿಲ್ಮ್ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಇದನ್ನೆಲ್ಲ ಪರೀಕ್ಷಿಸಲು ಒಳ್ಳೆಯ ಫಿಲ್ಮ್ ಸುಡಲು ಮನಸ್ಸು ಬರಲಿಲ್ಲ, ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಹಾಕಿದೆ. ಹಾಳೆಗೆ ಬೀಳುವ ಖರ್ಚು ಹತ್ತರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ಫೋಕಸ್ ತಪ್ಪಿಸಿ ಖಾಲಿ ಗೋಡೆ ಹೊಡೆದರೆ ಒಂದೊಂದು ಕಣವೂ ಎದ್ದು ಕಾಣುತ್ತದೆ. ಎರಡೂ ಕಡೆ ಎಮಲ್ಷನ್ ಇರುವುದರಿಂದ ಟ್ರೇ ತಳಕ್ಕೆ ಗಾಜು ಹಾಸಿಕೊಳ್ಳಿ, ಗೀರು ಕಡಿಮೆ. ಹಸಿರಿಗೆ ಸ್ಪಂದಿಸುವ ಈ ಫಿಲ್ಮನ್ನು ಕೆಂಪು ದೀಪದಲ್ಲಿ ನೋಡಿಕೊಂಡೇ ತೊಳೆಯಬಹುದು, ನನಗೆ ಹೆಚ್ಚು ಲಾಭವಾದದ್ದು ಅದರಿಂದಲೇ. ನಲ್ಲಿಯಿಂದ ಆಗಷ್ಟೇ ಹಿಡಿದ ತಣ್ಣೀರು 20 ಡಿಗ್ರಿಗೆ ಬೆಚ್ಚಗಾಗುತ್ತಿದ್ದಂತೆ ಅದರಲ್ಲಿ ಕರಗಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಫಿಲ್ಮಿಗೆ ಅಂಟುವುದನ್ನು ಕಣ್ಣಾರೆ ಕಂಡೆ. ಅಂದಿನಿಂದ ನೀರನ್ನು ಹಿಂದಿನ ರಾತ್ರಿಯೇ ಹಿಡಿದಿಡುತ್ತೇನೆ, ಡೆವಲಪರ್‌ಗೆ ಮುಂಚೆ ಫಿಲ್ಮನ್ನು ಆ ನೀರಿನಲ್ಲಿ ನಾಲ್ಕೈದು ನಿಮಿಷ ನೆನೆಸುತ್ತೇನೆ. ಫಿಲ್ಮ್ ತಯಾರಿಸುವ ಇಲ್ಫೋರ್ಡ್‌ನವರು ಹೀಗೆ ನೆನೆಸುವುದು ಬೇಡ, ಡೆವಲಪ್‌ಮೆಂಟ್ ಏರುಪೇರಾದೀತು ಎನ್ನುತ್ತಾರೆ. ಟ್ರೇಯಲ್ಲಿ ನನಗೆ ಹಾಗೆ ಆಗಿಲ್ಲ. ಡೆವಲಪರ್ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ಬಿಟ್ಟು ಬರೀ ನೀರು ಹಾಕಿಯೂ ನೋಡಿದೆ, ಚುಕ್ಕೆಗಳ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಡೆವಲಪರ್ ಕಾಫಿ ಫಿಲ್ಟರಿನಲ್ಲಿ ಸೋಸಿದರೆ ಸಾಕು. ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರಿನಲ್ಲಿ ಗಂಧಕದ ಬಿಳಿ ಪುಡಿ ಕಂಡರೆ ಸೋಸುವ ಗೋಜಿಗೆ ಹೋಗದೆ ಚೆಲ್ಲಿ. ತೊಳೆಯುವುದು ನಲ್ಲಿ ನೀರಿನಲ್ಲೇ, ಕೊನೆಯ ಜಾಲಾಟ ಮಾತ್ರ ಡಿಸ್ಟಿಲ್ಡ್ ವಾಟರಿನಲ್ಲಿ. ಒಂದು ಬಾಟಲಿಗೆ ಅರ್ಧ ಹಾಳೆ ಫಿಲ್ಮಿನಷ್ಟೂ ಖರ್ಚಿಲ್ಲ, ಇಲ್ಲಿ ಜಿಪುಣತನ ಬೇಡ. ನೀರು ಹನಿಗಟ್ಟದೆ ಜಾರುವಂತೆ ಮಾಡುವ ಫೋಟೋ-ಫ್ಲೋ ಬಾಟಲಿಯ ಮೇಲೆ 1:200 ಎಂದಿದ್ದರೂ ನಾನು ಹಾಕುವುದು 1:400ರ ಹತ್ತಿರ. ಗಟ್ಟಿಯಾದರೆ ಅದೇ ಪಟ್ಟೆ ಬಿಡುತ್ತದೆ. ಅದರ ಜೊತೆ ಇನ್ನೊಂದು ವಸ್ತು ಕೆಲವೇ ಹನಿ ಸೇರಿಸುತ್ತೇನೆ. ಅದು ಯಾವುದೆಂದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನು ಎಲ್ಲರೂ ಆಗುವುದಿಲ್ಲ ಎಂದ ಭಾಗ, ಒಣಗಿಸುವುದು. ಕೋಟು ನೇತುಹಾಕುವ ಉದ್ದನೆಯ ಜಿಪ್ ಪ್ಲಾಸ್ಟಿಕ್ ಕವರಿನ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೂರ್ನಾಲ್ಕು ಹಾಳೆಗಳನ್ನು ಗೇಣಷ್ಟು ಅಂತರದಲ್ಲಿ, ಒಂದೊಂದೇ ಮೂಲೆಗೆ ಕ್ಲಿಪ್ ಹಾಕಿ ತೂಗುಬಿಡುತ್ತೇನೆ. ನೀರು ಎದುರು ಮೂಲೆಗೆ ಇಳಿದು ಅಲ್ಲೇ ತೊಟ್ಟಿಕ್ಕುತ್ತದೆ. ತಳದಲ್ಲಿ ಎರಡು ಬೆರಳು ಸಂದು, ಅಷ್ಟೇ ಗಾಳಿ. ಫಿಲ್ಮಿನ ಮೇಲಿನ ಒದ್ದೆ ಜೆಲಟಿನ್ ಅಂಟು. ಫ್ಯಾನ್ ಹಾಕಿದರೆ ಕೋಣೆಯ ಧೂಳನ್ನೆಲ್ಲ ಅದರ ಮೇಲೆ ತಂದು ಬಡಿದಂತೆ. ಒಣಗಿದ ಮೇಲೆ ಕೂತ ಧೂಳು ಬ್ಲೋವರಿಗೆ ಹಾರುತ್ತದೆ, ಒದ್ದೆಯಲ್ಲಿ ಕೂತದ್ದು ಅಲ್ಲೇ ಹೂತುಹೋಗುತ್ತದೆ. ಬೂಸ್ಟು ಬರುತ್ತದೆ, ಪಟ್ಟೆ ಬೀಳುತ್ತದೆ ಎಂದು ಹೆದರಿಸಿದರು. ಐದಾರು ಗಂಟೆ ಹಿಡಿಯುತ್ತದೆ ನಿಜ, ಬೂಸ್ಟೂ ಇಲ್ಲ, ಪಟ್ಟೆಯೂ ಇಲ್ಲ.

ಗಡಸು ನೀರಿನ ಬಿಳಿ ಕಲೆ ಈಗಾಗಲೇ ಕೂತಿರುವ ನೆಗೆಟಿವ್ ಇದ್ದರೆ ಎಸೆಯಬೇಡಿ. ಶೇ. 2ರಷ್ಟು ಅಸಿಟಿಕ್ ಆಮ್ಲದಲ್ಲಿ ಕೆಲವು ನಿಮಿಷ ಇಟ್ಟು, ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಾಡಿ ಮತ್ತೆ ತೂಗುಹಾಕಿ. ಸುಣ್ಣದ ಕಲೆಯಾದರೆ ಹೋಗುತ್ತದೆ.

8×10ಕ್ಕೆ ಇದೇ ಕವರಿನಲ್ಲಿ ಎರಡೇ ಹಾಳೆ ಹಿಡಿಯುತ್ತವೆ. ಒಂದೇ ಕ್ಲಿಪ್ಪಿಗೆ ಅಷ್ಟು ದೊಡ್ಡ ಹಾಳೆ ಬಾಗಿ ಕವರಿನ ಗೋಡೆಗೆ ತಾಗುತ್ತದೆ. ಹಾಗಾಗಿ ಮೇಲಂಚಿಗೆ ಎರಡು ಕ್ಲಿಪ್ ಹಾಕಿ, ಒಂದನ್ನು ಎರಡಂಗುಲ ಕೆಳಗಿಳಿಸಿ ನೋಡುತ್ತಿದ್ದೇನೆ. ನೀರು ಒಂದೇ ಮೂಲೆಗೆ ಸರಿಯುತ್ತಿದೆ, ಕೆಳ ಅಂಚು ಮಾತ್ರ ಒಣಗಲು ಇನ್ನೂ ಒಂದೆರಡು ಗಂಟೆ ಹೆಚ್ಚು ಕೇಳುತ್ತಿದೆ.